ಶಿರಸಿಯ ‘ನಿಯೆನ್’ ಫಲಕ: ಕೆತ್ತನೆ ಚೆಂದ, ಚೀಟಿ ಅರ್ಧ ಸರಿ

ಶಿರಸಿ ಪೇಟೆಯ ಕರಕುಶಲ ಅಂಗಡಿಯೊಂದರಲ್ಲಿ ‘ಜಪ’ ಎಂಬ ಹೆಸರಿಟ್ಟು ಮಾರುವ ಸಾಗುವಾನಿ ಫಲಕವಿದು. 6 ಇಂಚು ಚೌಕ, ನಡುವೆ ಒಂದೇ ಒಂದು ಚೀನೀ ಅಕ್ಷರ. ಓದುವುದು ‘ನಿಯೆನ್’ ಎಂದು, ದನಿಯನ್ನು ಮೇಲಿಂದ ಥಟ್ಟನೆ ಇಳಿಸಿ.

ಜೊತೆಗೆ ಕೊಡುವ ಚೀಟಿಯಲ್ಲಿ ‘ಮೇಲೆ ಈಗ, ಕೆಳಗೆ ಹೃದಯ, ಈ ಕ್ಷಣದಲ್ಲಿ ನೆಟ್ಟ ಮನಸ್ಸೇ ಜಪ’ ಎಂದಿದೆ. ಕೇಳಲು ಸೊಗಸು. ಆದರೆ ಅರ್ಥಕ್ಕೆಂದು ಇರುವುದು ಕೆಳಗಿನ ಹೃದಯ ಮಾತ್ರ. ಮೇಲಿನ ‘ಈಗ’ ಉಚ್ಚಾರದ ಸುಳಿವು. ಹಳೆಯ ಚೀನೀಯಲ್ಲಿ ‘ಈಗ’ ಎಂಬರ್ಥದ ಪದ, ‘ನಿಯೆನ್’ ಎರಡೂ ಮಕಾರದಲ್ಲಿ ಮುಗಿಯುತ್ತಿದ್ದವು, ಇಂದು ಆ ಹೋಲಿಕೆ ಕಿವಿಗೆ ಬೀಳುವುದಿಲ್ಲ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಸಿದ್ಧಪಡಿಸಿದ ‘ಶುವೊವೆನ್’ ನಿಘಂಟು ಅಕ್ಷರವನ್ನು ಬಿಡಿಸಿರುವುದೂ ಹೀಗೆಯೇ. ಅಲ್ಲಿ ಕೊಟ್ಟ ಅರ್ಥ ‘ಸದಾ ನೆನೆಯುವುದು’. ಜಪದ ಮಾತೇ ಇಲ್ಲ. ಬೌದ್ಧ ಗ್ರಂಥಗಳನ್ನು ಚೀನೀಗೆ ತಂದವರು ಸಂಸ್ಕೃತದ ‘ಸ್ಮೃತಿ’ಗೆ ಇದನ್ನು ಬಳಸಿದರು. ಬುದ್ಧನನ್ನು ನೆನೆಯುವುದು ಬರಬರುತ್ತ ಬುದ್ಧನ ಹೆಸರನ್ನು ಬಾಯಲ್ಲಿ ಹೇಳುವುದಾಯಿತು. ನಮ್ಮ ‘ನಾಮಸ್ಮರಣೆ’ ನಡೆದ ದಾರಿಯೂ ಅದೇ ಅಲ್ಲವೇ? ಜಪಮಾಲೆಗೆ ಅಲ್ಲಿ ‘ನಿಯೆನ್ ಝು’, ನಿಯೆನ್‌ನ ಮಣಿ. ಗಟ್ಟಿಯಾಗಿ ಪಠಿಸುವುದನ್ನೇ ತೋರಿಸಬೇಕಿದ್ದರೆ ಎಡಕ್ಕೆ ಬಾಯಿಯ ಚೌಕ ಸೇರಿಸಿದ ರೂಪ ಬೇರೆ ಉಂಟು.

ಕೊಳ್ಳುವಾಗ ಗೆರೆ ಎಣಿಸಿ: ಮೇಲೆ 4, ಕೆಳಗೆ 4. ಮನೆಯ ಮಾಡಿನಂತೆ ಇಳಿಯುವ ಎರಡು ಗೆರೆ ತುದಿಯಲ್ಲಿ ಕೂಡಿರಬೇಕು, ಅದರಡಿ ಒಂದು ಚುಕ್ಕೆ, ಮೂಲೆಯಲ್ಲಿ ತಿರುಗಿದ ಒಂದು ಗೆರೆ. ತುದಿ ಬಿಟ್ಟುಕೊಂಡು ಅಡಿಯಲ್ಲಿ ಕತ್ತಿಯ ಆಕಾರ ಕಂಡರೆ ಅದು ‘ಫೆನ್’, ಅಂದರೆ ಸಿಟ್ಟು! ಅದಕ್ಕೂ 8 ಗೆರೆಯೇ, ಹಾಗಾಗಿ ಎಣಿಕೆಯೊಂದೇ ಸಾಲದು. ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಇದ್ದರೆ ತಪ್ಪೆನ್ನಬೇಡಿ, ಜಪಾನೀ ಮುದ್ರಣದಲ್ಲಿ ಹಾಗೇ ಇರುತ್ತದೆ. ಫಲಕದಲ್ಲಿ ಇದೆಲ್ಲ ಸರಿಯಾಗಿದೆ. ಅದೇ ಅಂಗಡಿಯ ಕೀ ಚೈನ್‌ನಲ್ಲಿ ಮಾತ್ರ ಹೃದಯದ 3 ಚುಕ್ಕೆಗಳು ಅದರ ಕೊಕ್ಕೆಯಂಥ ಗೆರೆಗೆ ಅಂಟಿ ಮುದ್ದೆಯಾಗಿವೆ. ಅಷ್ಟು ಸಣ್ಣ ಜಾಗಕ್ಕೆ ಈ ಅಕ್ಷರ ಒಗ್ಗದು.

‘ಮುಂಡಗೋಡಿನ ಟಿಬೆಟನ್ನರ ಅಕ್ಷರ’ ಎಂಬ ಅಂಗಡಿಯವರ ವಿವರಣೆ ಪೂರ್ತಿ ತಪ್ಪು. ಟಿಬೆಟನ್ ಲಿಪಿ ಬ್ರಾಹ್ಮಿಯ ಕುಲದ್ದು, ಕನ್ನಡಕ್ಕೇ ದೂರದ ನೆಂಟ.

ಹಲಗೆಯ ಹಿಂಬದಿಗೆ ಪಾಲಿಶ್ ಇಲ್ಲ. ಮಳೆಗಾಲದಲ್ಲಿ ಒಂದೇ ಮಗ್ಗುಲು ತೇವ ಹೀರಿ ಬಾಗುತ್ತದೆ. ಗೋಡೆಗೆ ಹಾಕುವ ಮೊದಲು ಹಿಂದೆಯೂ ಎರಡು ಸಲ ವಾರ್ನಿಷ್ ಬಳಿದು, ಗೋಡೆಗೆ ಒತ್ತದಂತೆ ಮೂಲೆಗಳಿಗೆ ರಬ್ಬರ್ ಬಿಲ್ಲೆ ಅಂಟಿಸಿ.