ಕರ್ನಲ್ ಡೀಬಗ್ ಆಯ್ಕೆ: ಎಲ್ಲವೂ ಒಂದೇ ಕಡೆಯೋ, ಅವರವರ ಫೋಲ್ಡರಿನಲ್ಲೋ?

ಲಿನಕ್ಸ್ ಕರ್ನಲ್‌ನ (ಅದರ ತಿರುಳು ಭಾಗದ) ಡ್ರೈವರ್‌ಗೆ ಡೀಬಗ್ ಆಯ್ಕೆ, ಅಂದರೆ ದೋಷ ಹುಡುಕಲು ನೆರವಾಗುವ ಸೆಟ್ಟಿಂಗ್, ಸೇರಿಸಬೇಕು, ಎಲ್ಲಿಡಲಿ ಅಂತ ಕೇಳಿದ್ದೀರಿ. ದಾರಿ ಎರಡಿವೆ: ಲಿಬ್ ಫೋಲ್ಡರಿನ ಕೆಕಾನ್ಫಿಗ್.ಡೀಬಗ್, ಇಲ್ಲವೇ ನಿಮ್ಮ ಡ್ರೈವರ್‌ನದೇ ಕೆಕಾನ್ಫಿಗ್ (ಬಿಲ್ಡ್ ಆಯ್ಕೆಗಳನ್ನು ಪಟ್ಟಿ ಮಾಡುವ ಫೈಲ್).

ಹುಡುಕೋದು ಯಾವುದು ಸುಲಭ? ಮೊದಲನೆಯದು ಮೆನುಕಾನ್ಫಿಗ್‌ನಲ್ಲಿ (ಆಯ್ಕೆಗಳನ್ನು ಆರಿಸುವ ಮೆನು) 'ಕರ್ನಲ್ ಹ್ಯಾಕಿಂಗ್' ಅಡಿ ಕಾಣುತ್ತದೆ. ಲಾಕ್‌ಡೆಪ್ (ಲಾಕ್ ಬಳಕೆಯ ತಪ್ಪು ಹಿಡಿಯುವುದು), ಕೇಸಾನ್‌ನಂಥ (ಮೆಮೊರಿ ತಪ್ಪು ಹಿಡಿಯುವುದು) ಇಡೀ ಕರ್ನಲ್‌ಗೆ ಬೇಕಾದವುಗಳಿಗೆ ಅದೇ ಸರಿ. ಆದರೆ ಆ ಮೆನು ತುಂಬಾ ಉದ್ದ. ಒಂದು ಚಿಪ್‌ನ ಆಯ್ಕೆ ಅಲ್ಲಿ ಕಳೆದೇ ಹೋಗುತ್ತದೆ, ಅಲ್ವಾ? ಎರಡನೆಯ ದಾರಿಗೆ ಉದಾಹರಣೆ: ಸೌಂಡ್ ವಿಭಾಗ ತನ್ನ ಡೀಬಗ್ ಆಯ್ಕೆ ಎಸ್‌ಎನ್‌ಡಿ_ಡೀಬಗ್ ಅನ್ನು ತನ್ನಲ್ಲೇ ಇಟ್ಟುಕೊಂಡಿದೆ. ಸೌಂಡ್ ಆಫ್ ಮಾಡಿದರೆ ಅದೂ ಕಾಣುವುದಿಲ್ಲ.

ನಿರ್ವಹಣೆಯಲ್ಲಿ ನನ್ನ ಒಲವು ಎರಡನೆಯದಕ್ಕೇ. ಹಂಚಿಕೊಂಡ ಫೈಲಿಗೆ ಹಲವರು ಕೈ ಹಾಕುತ್ತಾರೆ, ಬದಲಾವಣೆಗಳನ್ನು ಒಟ್ಟುಗೂಡಿಸುವಾಗ (ಮರ್ಜ್) ತಕರಾರು ಜಾಸ್ತಿ. ನಿಮ್ಮ ಫೈಲಿನಲ್ಲಿದ್ದರೆ ಕೋಡ್ ತೆಗೆದ ದಿನ ಆಯ್ಕೆಯನ್ನೂ ಮರೆಯದೆ ತೆಗೆಯುತ್ತೀರಿ.

ನೀವು ಬರೀ ಟೆಸ್ಟ್ ಮಾಡುವವರಾದರೆ ಜಾಗದ ಚಿಂತೆಯೇ ಬೇಡ. 'ಮೇಕ್ ಡಿಫ್‌ಕಾನ್ಫಿಗ್ ಡೀಬಗ್.ಕಾನ್ಫಿಗ್' ಕೊಟ್ಟರೆ ಸಾಕು, ಎಲ್ಲೆಲ್ಲೋ ಇರುವ ಹಲವು ಆಯ್ಕೆಗಳು ಒಟ್ಟಿಗೆ ಆನ್ ಆಗುತ್ತವೆ. ಬೆಲೆಯೂ ಇದೆ: ಕರ್ನಲ್ ನಿಧಾನ, ಜೊತೆಗೆ ಕೇಸಾನ್‌ನ ಸಾಮಾನ್ಯ (ಜೆನೆರಿಕ್) ರೂಪವೇ ಮೆಮೊರಿಯ 1/8 ಭಾಗ ತೆಗೆದುಕೊಳ್ಳುತ್ತದೆ. ಸಣ್ಣ ಬೋರ್ಡ್‌ಗೆ ಇದು ಭಾರ. ಅದರ ಬದಲು ಡೀಬಗ್.ಕಾನ್ಫಿಗ್ ಥರವೇ, ಬೇಕಾದ ನಾಲ್ಕೈದು ಆಯ್ಕೆಗಳಷ್ಟೇ ಇರುವ ಸ್ವಂತ ತುಣುಕು ಫೈಲ್ ಮಾಡಿಕೊಳ್ಳಿ. ತನಗೆ ಬೇಕಾದ ಬೇರೆ ಆಯ್ಕೆ (ಅವಲಂಬನೆ) ಆನ್ ಇಲ್ಲದ ಆಯ್ಕೆ ಸದ್ದಿಲ್ಲದೆ ಬಿದ್ದುಹೋಗುತ್ತದೆ, ಹಾಗಾಗಿ ಬಿಲ್ಡ್‌ಗೆ ಮುಂಚೆ, ಕೊನೆಗೆ ಉಳಿದ ಆಯ್ಕೆಗಳಿರುವ .ಕಾನ್ಫಿಗ್ ಫೈಲನ್ನು ಒಮ್ಮೆ ತೆರೆದು ನೋಡಿ.