ಎಕ್ಸ್‌ಟೆನ್ಷನ್ ಬೋರ್ಡ್: ಅಗ್ಗದ ಆಮದು ಮಾಲೋ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಮಾಡಿಸಿದ್ದೋ?

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಪ್ಲಗ್ ಪಾಯಿಂಟ್ ಬೇಕಾದ ಜಾಗದಲ್ಲಿ ಇರುವುದು ಅಪರೂಪ. ಮಲ್ಲೇಶ್ವರ, ಬಸವನಗುಡಿಯ ಹಳೆ ಮನೆಗಳಲ್ಲಿ ರೂಮಿಗೊಂದು ಪಾಯಿಂಟ್ ಇದ್ದರೆ ಹೆಚ್ಚು. ಪಿ.ಜಿ.ಗಳಲ್ಲಿ ಒಂದೇ ಪಾಯಿಂಟನ್ನು ಮೂವರು ಹಂಚಿಕೊಳ್ಳಬೇಕು. ಹಾಗಾಗಿ ಎಕ್ಸ್‌ಟೆನ್ಷನ್ ಬೋರ್ಡ್ ಇಲ್ಲದ ಮನೆಯೇ ಇಲ್ಲ. ಆದರೂ ಮಿಕ್ಸಿ, ಫ್ಯಾನ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ಜನ ಬೋರ್ಡನ್ನು ಮಾತ್ರ ಬಣ್ಣ ನೋಡಿ ತೆಗೆದುಕೊಂಡು ಬರುತ್ತಾರೆ.

ಇಲ್ಲಿ ನೋಡುತ್ತಿರುವುದು ಮೂರು ಬಗೆ. ಮೊದಲನೆಯದು ಮೆಜೆಸ್ಟಿಕ್ ಸುತ್ತಮುತ್ತ ಫುಟ್‌ಪಾತಿನಲ್ಲೂ ಆನ್‌ಲೈನಿನಲ್ಲೂ ಸುಮಾರು 150ರಿಂದ 250 ರೂಪಾಯಿಗೆ ಸಿಗುವ, ಹೆಸರಿಲ್ಲದ ಆಮದು ಬೋರ್ಡ್. ಎರಡನೆಯದು ಐಎಸ್‌ಐ ಗುರುತಿರುವ ರೆಡಿಮೇಡ್ ಬೋರ್ಡ್. ಮೂರನೆಯದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳಿರುವ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಬಿಡಿಭಾಗ ಕೊಂಡು ಕೂಡಿಸಿದ್ದು, ಅಂದರೆ ಎಲೆಕ್ಟ್ರಿಷಿಯನ್‌ಗಳು ತಮ್ಮ ಕೆಲಸಕ್ಕೆ ತಾವೇ ಮಾಡಿಕೊಳ್ಳುವಂಥದ್ದು. ನಮ್ಮ ಆಯ್ಕೆ ಮೂರನೆಯದು. ಪುರುಸೊತ್ತಿಲ್ಲದವರಿಗೆ ಎರಡನೆಯದು. ಮೊದಲನೆಯದು ಬೇಡವೇ ಬೇಡ, ಪುಕ್ಕಟೆ ಕೊಟ್ಟರೂ ಬೇಡ.

ಯಾಕೆ ಬೇಡ ಎನ್ನುವುದು ಬೋರ್ಡಿನ ಹಿಂದಿನ ಸ್ಕ್ರೂ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಹೊರಗೆ ‘10 ಆ್ಯಂಪಿಯರ್, 250 ವೋಲ್ಟ್, 2500 ವ್ಯಾಟ್’ ಎಂದು ಅಚ್ಚಾಗಿರುತ್ತದೆ. ಎಷ್ಟೋ ಬೋರ್ಡುಗಳ ಒಳಗೆ ಎರಡೇ ವೈರ್ ಇರುತ್ತವೆ, ಅರ್ತ್ ವೈರೇ ಇರುವುದಿಲ್ಲ. ಪ್ಲಗ್ಗಿನಲ್ಲಿ ಮೂರನೇ ಪಿನ್ ಕಂಡರೂ ಅದು ಎಲ್ಲಿಗೂ ಸೇರಿರದ ಬರೀ ಪಿನ್. ವೈರಿನ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಯಸ್ಕಾಂತಕ್ಕೆ ಅಂಟಿಕೊಂಡರೆ ಇನ್ನೂ ಕಡೆ, ಅದು ಲೇಪ ಕೊಟ್ಟ ಕಬ್ಬಿಣ.

ಇದರ ಲೆಕ್ಕ ಸುಲಭ. 2000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆ್ಯಂಪಿಯರ್ ಎಳೆಯುತ್ತದೆ. 3 ಮೀಟರ್ ಉದ್ದದ, 1.5 ಸ್ಕ್ವೇರ್ ಎಂಎಂ ಶುದ್ಧ ತಾಮ್ರದ ವೈರಿನಲ್ಲಿ ಹೋಗಿ ಬರುವ ದಾರಿ ಒಟ್ಟು 6 ಮೀಟರ್. ಅಷ್ಟಕ್ಕೆ ವೈರ್ ತಾನೇ ತಿನ್ನುವುದು ಸುಮಾರು 5 ವ್ಯಾಟ್. ಅದೇ ಉದ್ದದ, 0.5 ಸ್ಕ್ವೇರ್ ಎಂಎಂನ ಅಲ್ಯೂಮಿನಿಯಂ ವೈರಾದರೆ 24 ವ್ಯಾಟ್ ಆಸುಪಾಸು. ರೇಡಿಯೊ ರಿಪೇರಿಯವರು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಷ್ಟು ಬಿಸಿ ವೈರಿನ ಉದ್ದಕ್ಕೂ ಹರಡಿರುತ್ತದೆ. ವೈರನ್ನು ಸುರುಳಿ ಸುತ್ತಿಟ್ಟರೆ, ಇಲ್ಲವೇ ಕಾರ್ಪೆಟ್ ಅಡಿಯಲ್ಲಿ ಹಾಯಿಸಿದರೆ, ಆ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲದೆ ವೈರಿನ ಪಿವಿಸಿ ಹೊದಿಕೆ ಮೆತ್ತಗಾಗುತ್ತದೆ.

ವೈರಿಗಿಂತ ಮೊದಲು ಕೆಡುವುದು ಸಾಕೆಟ್. ಇಂಥ ಬೋರ್ಡುಗಳಲ್ಲಿ ಇರುವುದು ಎಲ್ಲ ದೇಶದ ಪ್ಲಗ್ಗೂ ಹಿಡಿಸುವ ಯೂನಿವರ್ಸಲ್ ಸಾಕೆಟ್. ನಮ್ಮ 6 ಆ್ಯಂಪಿಯರ್ ಪ್ಲಗ್ಗಿನ ಪಿನ್ನುಗಳು ದುಂಡಗಿವೆ. ಫೇಸ್, ನ್ಯೂಟ್ರಲ್ ಪಿನ್ ಸುಮಾರು 5 ಎಂಎಂ ದಪ್ಪ, ಅರ್ತ್ ಪಿನ್ ಸುಮಾರು 7 ಎಂಎಂ. ಚಪ್ಪಟೆ ಪಿನ್ನಿಗೂ ದುಂಡು ಪಿನ್ನಿಗೂ ಒಂದೇ ಪಟ್ಟಿ ಹಿಡಿಯಬೇಕೆಂದರೆ ಆ ಪಟ್ಟಿ ದುಂಡು ಪಿನ್ನನ್ನು ಸುತ್ತಲೂ ಅಪ್ಪಿ ಹಿಡಿಯುವುದಿಲ್ಲ, ಒಂದೆರಡು ಕಡೆ ಮುಟ್ಟುತ್ತದೆ ಅಷ್ಟೆ. ಮೇಲಾಗಿ ಪಟ್ಟಿ ತೆಳು ಹಿತ್ತಾಳೆಯದು, ಕೆಲವದರಲ್ಲಿ ಲೇಪ ಕೊಟ್ಟ ಕಬ್ಬಿಣದ್ದು. ಕೆಲವು ತಿಂಗಳು ಹಾಕಿ ತೆಗೆದು ಮಾಡಿದರೆ ಸ್ಪ್ರಿಂಗ್ ಸಡಿಲವಾಗುತ್ತದೆ. ಸಂಪರ್ಕದಲ್ಲಿ 0.1 ಓಮ್ ಪ್ರತಿರೋಧ ಬಂದರೆ ಸಾಕು, 8.7 ಆ್ಯಂಪಿಯರಿಗೆ ಆ ಒಂದು ಬಿಂದುವಿನಲ್ಲೇ ಏಳೂವರೆ ವ್ಯಾಟ್ ಬಿಸಿ. ಬಿಸಿಗೆ ಸ್ಪ್ರಿಂಗ್ ಇನ್ನಷ್ಟು ಸಡಿಲ, ಸಡಿಲವಾದಷ್ಟೂ ಬಿಸಿ ಹೆಚ್ಚು. ಪಿನ್ನಿನ ಬುಡ ಕಪ್ಪಾಗುವುದು, ಪ್ಲಗ್ ಅಲುಗಾಡಿಸಿದರೆ ‘ಚರ್’ ಎಂದು ಸದ್ದಾಗುವುದು, ಮೀನಿನಂತೆ ನಾರುವ ಸುಟ್ಟ ಪ್ಲಾಸ್ಟಿಕ್ ವಾಸನೆ — ಎಲ್ಲವೂ ಇದರ ಗುರುತುಗಳೇ. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಇಲ್ಲಿ ಕಾಪಾಡುವುದಿಲ್ಲ. ಹರಿಯುತ್ತಿರುವ ಕರೆಂಟ್ ಹೆಚ್ಚಾಗಿಲ್ಲವಲ್ಲ, ಅದು ಟ್ರಿಪ್ ಆಗುವುದಾದರೂ ಹೇಗೆ?

ಅರ್ತ್ ಇಲ್ಲದಿರುವುದು ಇದಕ್ಕಿಂತ ದೊಡ್ಡ ವಿಷಯ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಡೆಸ್ಕ್‌ಟಾಪ್ ಕಂಪ್ಯೂಟರ್ ಎಲ್ಲಕ್ಕೂ ಲೋಹದ ಮೈ. ಒಳಗೆ ಫೇಸ್ ಮೈಗೆ ತಾಗಿದರೆ ಅರ್ತ್ ಇರುವ ಬೋರ್ಡಿನಲ್ಲಿ ಆ ಕ್ಷಣವೇ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾದಿದ್ದು, ಅವರ ಮೈಮೂಲಕ ಹರಿದ ಮೇಲೆ ಬೀಳುತ್ತದೆ. ಆರ್‌ಸಿಸಿಬಿಯೇ ಇಲ್ಲದ ಹಳೆ ಮನೆಯಲ್ಲಿ ಅದೂ ಇಲ್ಲ. ಕೂಡಿಸಿದ ಬೋರ್ಡಿನ ಬದಲು ಆಮದಿನದು ಕೊಂಡರೆ ಉಳಿತಾಯವಾಗುವ ಆರೇಳುನೂರು ರೂಪಾಯಿಗೆ ಎದುರಾಗಿ ಇಡಬೇಕಾದದ್ದು ಇದನ್ನು.

ಎರಡನೆಯ ಬಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸುಮಾರು 400ರಿಂದ 900 ರೂಪಾಯಿಯೊಳಗೆ ಒಳ್ಳೆಯ ಬೋರ್ಡ್ ಸಿಗುತ್ತದೆ. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್, ರೌಟರ್, ಟೀವಿಗೆ ಧಾರಾಳ ಸಾಕು. ಇವುಗಳ ಕೊರತೆ ವೈರಿನ ಉದ್ದ. ಒಂದೂವರೆ, ಎರಡು ಮೀಟರಿಗೆ ಮುಗಿದುಬಿಡುತ್ತದೆ. ‘ಸರ್ಜ್ ಪ್ರೊಟೆಕ್ಷನ್’ ಎಂದು ಬರೆದಿದ್ದರೆ ಒಳಗೆ ಎಂಒವಿ ಎಂಬ ಬಿಲ್ಲೆಯಾಕಾರದ ಭಾಗವಿರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಲೈನಿಗೆ ಬರುವ ಕ್ಷಣದ ಹೊಡೆತವನ್ನು ಅದು ಹೀರಿಕೊಳ್ಳುತ್ತದೆ. ಗಂಟೆಗಟ್ಟಲೆ ವೋಲ್ಟೇಜ್ ಏರಿ ನಿಂತರೆ ಅದರಿಂದ ಪ್ರಯೋಜನವಿಲ್ಲ, ಅದಕ್ಕೆ ಸ್ಟೆಬಿಲೈಸರ್ರೇ ಬೇಕು.

ಈಗ ಮೂರನೆಯದು. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಒಂದೇ ಬೋರ್ಡಿನಲ್ಲಿ ಎಲ್ಲವನ್ನೂ ತುಂಬುವ ಆಸೆ ಬೇಡ. ಹಗುರ ಲೋಡಿಗೆ ಒಂದು, ಭಾರದ ಲೋಡಿಗೆ ಒಂದು, ಬೇರೆ ಬೇರೆ ಮಾಡಿಸಿ.

ಹಗುರದ ಬೋರ್ಡಿಗೆ 8 ಮಾಡ್ಯೂಲಿನ (ಒಂದು ಸ್ವಿಚ್ ಕೂರುವಷ್ಟು ಜಾಗ ಒಂದು ಮಾಡ್ಯೂಲ್) ಸರ್ಫೇಸ್ ಬಾಕ್ಸ್ ಮತ್ತು ಪ್ಲೇಟ್, 6 ಆ್ಯಂಪಿಯರಿನ ಮೂರು ಸಾಕೆಟ್, 6 ಆ್ಯಂಪಿಯರಿನ ಒಂದು ಸ್ವಿಚ್, ಒಂದು ಫ್ಯೂಸ್ ಯೂನಿಟ್ ತೆಗೆದುಕೊಳ್ಳಿ. ಸಾಕೆಟ್ ಎರಡೆರಡು ಮಾಡ್ಯೂಲ್, ಉಳಿದವು ಒಂದೊಂದು, ಲೆಕ್ಕ ಸರಿಹೋಗುತ್ತದೆ. 6 ಆ್ಯಂಪಿಯರಿನ ಪ್ಲಗ್ ಟಾಪ್, 4 ಮೀಟರ್ 3 ಕೋರ್ ಫ್ಲೆಕ್ಸಿಬಲ್ ವೈರ್, ಅಂದರೆ ಒಂದೇ ಹೊದಿಕೆಯೊಳಗೆ ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಇರುವ ಬಳುಕುವ ವೈರ್. ವೈರ್ 1 ಸ್ಕ್ವೇರ್ ಎಂಎಂ ಇದ್ದರೂ ನಡೆಯುತ್ತದೆ, ಆದರೆ 1.5 ತೆಗೆದುಕೊಳ್ಳುವುದೇ ಒಳ್ಳೆಯದು. ಅಂಗಡಿಯಲ್ಲಿ ‘ಒಂದೂವರೆ ಎಂಎಂ, ತ್ರೀ ಕೋರ್’ ಎಂದು ಕೇಳಿ. ಅದರ ಒಂದು ಕೋರಿನಲ್ಲಿ ಸಾಮಾನ್ಯವಾಗಿ 0.25 ಎಂಎಂ ದಪ್ಪದ 30 ಎಳೆ ಇರುತ್ತವೆ, ಕೆಲವು ಕಂಪನಿಗಳದರಲ್ಲಿ 0.3 ಎಂಎಂನ 22 ಎಳೆ. ತುದಿ ಬಿಡಿಸಿ ಎಣಿಸಿದರೆ ಅಂಗಡಿಯವರು ಬೇಸರಪಡುವುದಿಲ್ಲ, ಅಲ್ಲಿ ದಿನವೂ ಕೊಳ್ಳುವ ಎಲೆಕ್ಟ್ರಿಷಿಯನ್‌ಗಳು ಮಾಡುವುದೂ ಅದನ್ನೇ.

ಭಾರದ ಬೋರ್ಡಿಗೆ 3 ಮಾಡ್ಯೂಲ್ ಬಾಕ್ಸ್, 16 ಆ್ಯಂಪಿಯರಿನ ಒಂದೇ ಸಾಕೆಟ್, ಒಂದೇ ಸ್ವಿಚ್, 16 ಆ್ಯಂಪಿಯರ್ ಪ್ಲಗ್ ಟಾಪ್, 2.5 ಸ್ಕ್ವೇರ್ ಎಂಎಂ ವೈರ್. ಉದ್ದ 3 ಮೀಟರ್ ದಾಟದಿರಲಿ. 1500 ವ್ಯಾಟಿನ ಕೆಟಲ್ ಕೂಡ 6.5 ಆ್ಯಂಪಿಯರ್ ಎಳೆಯುತ್ತದೆ, ಆದ್ದರಿಂದ ಅದರ ಜಾಗವೂ ಇಲ್ಲಿಯೇ. ಗೀಸರನ್ನು ಮಾತ್ರ ಯಾವ ಎಕ್ಸ್‌ಟೆನ್ಷನ್ನಿಗೂ ಹಾಕಬೇಡಿ. ನೀರಿರುವ ಜಾಗ, ಹೊತ್ತುಗಟ್ಟಲೆ ಓಡುವ ಲೋಡ್. ಅದಕ್ಕೆ ಗೋಡೆಯಲ್ಲೇ ಸ್ವಂತ ಪಾಯಿಂಟ್ ಇರಬೇಕು.

ಕೂಡಿಸಲು ಬರದವರು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಕೆಲವು ಅಂಗಡಿಗಳಲ್ಲೇ ಕೂಡಿಸಿಕೊಡುವುದೂ ಉಂಟು. ಮಾಡಿಸಿದರೂ ಪಕ್ಕದಲ್ಲಿ ನಿಂತು ಈ ಕೆಲವನ್ನು ನೋಡಿಕೊಳ್ಳಿ. ಫೇಸ್ ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಆಮೇಲೆ ಸಾಕೆಟ್‌ಗಳಿಗೆ ಹೋಗಬೇಕು. ನ್ಯೂಟ್ರಲ್ ಮತ್ತು ಅರ್ತ್ ನೇರವಾಗಿ ಸಾಕೆಟ್ಟಿಗೆ. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಅರ್ತ್ ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ. ವೈರ್ ಕೊಡುವುದು ಹಿಂದಿನಿಂದ, ಹಾಗಾಗಿ ಎಡಬಲ ಅದಲುಬದಲಾಗುವುದೇ ಇಲ್ಲಿ ಅತಿ ಸಾಮಾನ್ಯ ತಪ್ಪು. ಟರ್ಮಿನಲ್ ಮೇಲಿನ ಅಕ್ಷರ ಓದಿಯೇ ಕೊಡಬೇಕು.

ಎಳೆಗಳನ್ನು ಬಿಗಿಯಾಗಿ ಹೊಸೆದು, ಮಡಚಿ ಇಮ್ಮಡಿ ಮಾಡಿ ಸ್ಕ್ರೂ ಅಡಿಗೆ ಕೊಡಬೇಕು, ಇಲ್ಲವೇ ತುದಿಗೆ ಲಗ್ಸ್ ಎಂಬ ಲೋಹದ ಟೋಪಿ ಹಾಕಿ ಒತ್ತಬೇಕು. ತುದಿಗೆ ಸೋಲ್ಡರ್ ಹಾಕುವುದು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಸೀಸ-ತವರ ಮೆದು ಲೋಹ. ಸ್ಕ್ರೂ ಒತ್ತಡಕ್ಕೆ ಮೆಲ್ಲಗೆ ಹರಿದು ಕೆಲವು ತಿಂಗಳಲ್ಲಿ ಬಿಗಿ ತಪ್ಪುತ್ತದೆ. ಪ್ಲಗ್ ಟಾಪಿನ ಕ್ಲ್ಯಾಂಪ್ ಹಿಡಿಯಬೇಕಾದದ್ದು ಹೊರಗಿನ ದಪ್ಪ ಹೊದಿಕೆಯನ್ನು, ಒಳಗಿನ ಬಣ್ಣದ ವೈರನ್ನಲ್ಲ. ಅರ್ತ್ ವೈರನ್ನು ಉಳಿದೆರಡಕ್ಕಿಂತ ಒಂದಿಂಚು ಉದ್ದ ಬಿಡಿ. ಯಾರಾದರೂ ಕಾಲಿಗೆ ಸಿಕ್ಕಿಸಿ ಎಳೆದರೆ ಕೊನೆಗೆ ಕಿತ್ತುಬರುವುದು ಅರ್ತ್ ಆಗಿರಬೇಕು.

ಮುಗಿದ ಮೇಲೆ ಗೋಡೆಗೆ ಹಾಕುವ ಮೊದಲೇ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ಅರ್ತ್ ಪಿನ್ನಿನಿಂದ ಪ್ರತಿ ಸಾಕೆಟ್ಟಿನ ಅರ್ತ್ ತೂತಿಗೆ ಅಳೆಯಿರಿ. 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಹಾಕಿದ ಮೇಲೆ ಫೇಸ್‌-ಅರ್ತ್ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್‌-ಅರ್ತ್ ನಡುವೆ ಎರಡು ಮೂರು ವೋಲ್ಟಿನೊಳಗೆ. ಇದು ಹತ್ತು, ಇಪ್ಪತ್ತು ತೋರಿಸಿದರೆ ದೋಷ ಬಹುಶಃ ಬೋರ್ಡಿನದಲ್ಲ, ಮನೆಯ ಅರ್ತಿಂಗಿನದು ಇಲ್ಲವೇ ನ್ಯೂಟ್ರಲ್ಲಿನದು. ಓನರ್ ಜೊತೆ ಮಾತಾಡಬೇಕಾದ ವಿಷಯ. ಆಮೇಲೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನು ಇಪ್ಪತ್ತು ನಿಮಿಷ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು ಪ್ಲಗ್ ಟಾಪನ್ನು ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಯಾವುದೋ ಸ್ಕ್ರೂ ಸಡಿಲವಿದೆ. ತಿಂಗಳು ಬಳಸಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿ ಮಾಡಿಸಿ.

ಎಲ್ಲ ಸೇರಿ ಹಗುರದ ಬೋರ್ಡಿಗೆ 800ರಿಂದ 1,000 ರೂಪಾಯಿ ಆದೀತು. ತಾಮ್ರದ ದರ ಏರಿದರೆ ವೈರಿನ ಬೆಲೆಯೂ ಏರುತ್ತದೆ. ಆದರೆ ಸಾಕೆಟ್ ಸಡಿಲವಾದರೆ ಆ ಒಂದು ಸಾಕೆಟ್ಟನ್ನು ಮಾತ್ರ ಬದಲಿಸಬಹುದು. ಆಮದು ಬೋರ್ಡಿನಲ್ಲಿ ಬದಲಿಸಲು ಏನೂ ಇಲ್ಲ, ಇಡೀ ಬೋರ್ಡನ್ನೇ ಎಸೆಯಬೇಕು.

ದೇಶಿ ಮಾಲು ಎಂದರೆ ಯಾವುದು ಎನ್ನುವುದನ್ನೂ ಇಲ್ಲಿ ಬಿಡಿಸಿ ಹೇಳಬೇಕು. ಆ್ಯಂಕರ್ ಸ್ವಿಚ್ಚುಗಳನ್ನು ಎಲ್ಲರೂ ನಮ್ಮದೇ ಎನ್ನುತ್ತಾರೆ, 2007ರಲ್ಲಿ ಅದು ಜಪಾನಿನ ಪ್ಯಾನಸೋನಿಕ್ ಗುಂಪಿಗೆ ಸೇರಿತು. ಆದರೂ ಅದರ ಕಾರ್ಖಾನೆಗಳು ಇಲ್ಲಿವೆ, ಕೆಲಸ ಇಲ್ಲಿಯವರಿಗೆ ಸಿಗುತ್ತದೆ, ಬಿಡಿಭಾಗ ಯಾವ ಊರಿನಲ್ಲೂ ಸಿಗುತ್ತವೆ. ಪುಣೆಯ ಫಿನೊಲೆಕ್ಸ್, ಕೊಚ್ಚಿಯ ವಿ-ಗಾರ್ಡ್ ವೈರುಗಳು ಇಲ್ಲಿಯ ಕಂಪನಿಗಳವೇ. ನಮ್ಮ ಮಟ್ಟಿಗೆ ಮಾಲೀಕ ಯಾರು ಎನ್ನುವುದಕ್ಕಿಂತ ಎಲ್ಲಿ ತಯಾರಾಯಿತು, ಯಾವ ಮಾನದಂಡಕ್ಕೆ ತಯಾರಾಯಿತು ಎನ್ನುವುದು ಮುಖ್ಯ. ಹೆಸರಾಂತ ಬ್ರ್ಯಾಂಡಿನ ಪೆಟ್ಟಿಗೆಯನ್ನೂ ತಿರುಗಿಸಿ ಓದಿ. ಆಮದು ಮಾಡಿದ್ದಾದರೆ ಯಾವ ದೇಶದ್ದು, ತಂದವರು ಯಾರು ಎಂದು ಅಲ್ಲೇ ಅಚ್ಚಾಗಿರಬೇಕು, ಅದು ಕಾನೂನು.

ಐಎಸ್‌ಐ ಗುರುತು ದೇಶಿ ಎಂಬುದಕ್ಕೆ ಪುರಾವೆಯಲ್ಲ, ಹೊರದೇಶದ ಕಾರ್ಖಾನೆಯೂ ಲೈಸೆನ್ಸ್ ಪಡೆಯಬಹುದು. ಅದು ಪರೀಕ್ಷೆಗೆ ಒಳಪಟ್ಟ ಮಾಲು ಎಂಬುದಕ್ಕೆ ಗುರುತು. ವೈರಿಗೆ ಐಎಸ್ 694, ಸ್ವಿಚ್ಚಿಗೆ ಐಎಸ್ 3854, ಪ್ಲಗ್ ಮತ್ತು ಸಾಕೆಟ್ಟಿಗೆ ಐಎಸ್ 1293; ಸಂಖ್ಯೆ ಗುರುತಿನ ಮೇಲಿರುತ್ತದೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್. ಅದರ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಕಂಪನಿಯ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎನ್ನುವುದು ಬರುತ್ತದೆ. ನಂಬರಿಲ್ಲದ ಬರೀ ಚಿತ್ರವಿದ್ದರೆ ವಾಪಸ್ ಇಡಿ, ಅದರ ಮೇಲೆ ಮೇಡ್ ಇನ್ ಇಂಡಿಯಾ ಎಂದಿದ್ದರೂ ಸರಿಯೇ. ನಮ್ಮಲ್ಲೂ ಕಳ್ಳಮಾಲು ಮಾಡುವವರಿದ್ದಾರೆ, ಅವರನ್ನು ಸ್ವದೇಶಿ ಹೆಸರಿನಲ್ಲಿ ಸಾಕುವುದು ತಪ್ಪು. ಇನ್ನು ‘ಸಿಇ’ ಎಂಬುದು ಯುರೋಪಿನ ಮಾರುಕಟ್ಟೆಯ ಗುರುತು, ನಮ್ಮ ಪಿನ್ನಿಗೂ ಸಾಕೆಟ್ಟಿಗೂ ಅದು ಏನನ್ನೂ ಹೇಳುವುದಿಲ್ಲ.

ಆಮದು ಮಾಲೆಲ್ಲ ಕೆಟ್ಟದ್ದಲ್ಲ. ಎಸ್.ಪಿ. ರಸ್ತೆಯಲ್ಲಿ ಸಿಗುವ ಹೊರದೇಶದ 12 ವೋಲ್ಟ್ ಎಲ್‌ಇಡಿ ಪಟ್ಟಿ, ಸೆನ್ಸರ್, ಹವ್ಯಾಸಕ್ಕೆ ಬಳಸುವ ಸರ್ಕ್ಯೂಟ್ ಬೋರ್ಡುಗಳನ್ನು ಧೈರ್ಯವಾಗಿ ಕೊಳ್ಳಬಹುದು. ಕೆಟ್ಟರೆ ದುಡ್ಡು ಹೋಗುತ್ತದೆ ಅಷ್ಟೆ. ಗೋಡೆಯ 230 ವೋಲ್ಟಿಗೆ ನೇರ ಸೇರುವ ವಸ್ತುವಿನಲ್ಲಿ ಮಾತ್ರ ಆ ಸಲಿಗೆ ಬೇಡ.

ಬೋರ್ಡ್ ತಂದ ಮೇಲೆ ಜಿಎಸ್‌ಟಿ ಬಿಲ್ಲಿನಲ್ಲಿ ಕಂಪನಿಯ ಹೆಸರು, ವೈರಿನ ಅಳತೆ ಬರೆಸಿಕೊಂಡಿದ್ದೀರಾ ನೋಡಿಕೊಳ್ಳಿ. ಮನೆಯಲ್ಲಿರುವ ಹಳೆ ಆಮದು ಬೋರ್ಡನ್ನು ಕೆಲಸದವರಿಗೋ ವಾಚ್‌ಮನ್‌ಗೋ ದಾಟಿಸಬೇಡಿ. ಪ್ಲಗ್ಗಿನ ಹತ್ತಿರ ವೈರನ್ನು ಕತ್ತರಿಸಿ, ಮತ್ತೆ ಯಾರೂ ಬಳಸಲಾಗದಂತೆ ಮಾಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.