ಮಾಲ್ಗುಡಿಯ ಲಾಟೀನು: ಆನ್‌ಲೈನ್, ಗುಜರಿ, ಅಟ್ಟ

ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನಕ್ಕೆ ಬಂದಾಗ ಅದರಲ್ಲಿ ಕಂಡ ಆಗುಂಬೆಯ ದೊಡ್ಡಮನೆಯ ಜಗಲಿ, ಅಂಗಳಗಳು ನಮ್ಮ ಕಡೆಯವರಿಗೆ ಹೊಸತಾಗಿರಲಿಲ್ಲ. ಜಾನ್ ದೇವರಾಜ್ ಅವರ ಕಲಾ ನಿರ್ದೇಶನ ಇಂದಿಗೂ ಮನಸ್ಸಿಗೆ ಹತ್ತಿರವಾಗಿರುವುದಕ್ಕೆ, ಅಲ್ಲಿನ ಸಾಮಾನುಗಳು ಯಾರೋ ದಿನವೂ ಬಳಸಿ ಇಟ್ಟಂತೆ ತೋರುವುದೇ ಕಾರಣವೆಂದು ನನಗನಿಸುತ್ತದೆ. ಅಂಥ ಸಾಮಾನುಗಳನ್ನು ನಾಲ್ಕು ವರ್ಷಗಳಿಂದ ಶಿವಮೊಗ್ಗದ ನಮ್ಮ ಮನೆಯಲ್ಲಿ ಕೂಡಿಸುತ್ತಿದ್ದೇನೆ. ಎಲ್ಲಿಂದ ತರುವುದು ಒಳ್ಳೆಯದೆಂದು ತಿಳಿಯಲು ಒಂದೇ ವಸ್ತುವನ್ನು, ಅಂದರೆ ಲಾಟೀನನ್ನು, ಮೂರು ಕಡೆಯಿಂದ ತಂದು ಪಕ್ಕಪಕ್ಕದಲ್ಲಿಟ್ಟು ನೋಡಿದೆ.

ಮೊದಲನೆಯದನ್ನು ಆನ್‌ಲೈನಿನಲ್ಲಿ 750 ರೂಪಾಯಿ ಕೊಟ್ಟು ತರಿಸಿದೆ. ಚಿತ್ರದಲ್ಲಿ ಅದು ಧಾರಾವಾಹಿಯ ಲಾಟೀನಿನಂತೆಯೇ ಕಂಡಿತ್ತು. ಆದರೆ ದೃಶ್ಯವನ್ನು ಮೊಬೈಲಿನಲ್ಲಿ ನಿಲ್ಲಿಸಿ, ಹಿಡಿದವರ ಕೈಯಳತೆಗೆ ಹೋಲಿಸಿ ಎತ್ತರವನ್ನು ಅಂದಾಜು ಮಾಡುವುದು ನನ್ನ ಕ್ರಮ. ಹಾಗೆ ಅಳೆದಾಗ ಬಂದದ್ದು ನಾಲ್ಕು ಬೆರಳಿನಷ್ಟು ಗಿಡ್ಡವಾಗಿತ್ತು. ಅದಕ್ಕಿಂತ ದೊಡ್ಡ ಕೊರತೆ ಹೊತ್ತಿಸಿದಾಗ ತಿಳಿಯಿತು. ಲಾಟೀನಿನ ಎರಡು ಪಕ್ಕಗಳಲ್ಲಿರುವ ಕೊಳವೆಗಳು ಬರೀ ಅಂದಕ್ಕಲ್ಲ. ಮೇಲಿನಿಂದ ಗಾಳಿ ಆ ಪೊಳ್ಳು ಕೊಳವೆಗಳಲ್ಲಿ ಇಳಿದು ಬತ್ತಿಯ ಬುಡವನ್ನು ತಲುಪುವುದರಿಂದಲೇ ಹೊರಗೆ ಬಿರುಗಾಳಿ ಬೀಸಿದರೂ ದೀಪ ಆರದೆ ಉರಿಯುತ್ತದೆ. ಇದರ ಕೊಳವೆಗಳು ಕೆಳತುದಿಯಲ್ಲಿ ಮುಚ್ಚಿಹೋಗಿದ್ದವು. ಹತ್ತು ನಿಮಿಷದೊಳಗೆ ಗಾಜಿನ ಬುರುಡೆ ಕಪ್ಪಿಟ್ಟಿತು. ಕಪಾಟಿನಲ್ಲಿಟ್ಟು ನೋಡುವವರಿಗೆ ಇದು ಸಾಕಾಗಬಹುದು, ನನಗೆ ಸಾಲದು.

ಎರಡನೆಯದು ಊರಿನ ಗುಜರಿ ಅಂಗಡಿಯಲ್ಲಿ, ಹಳೆಯ ಫ್ಯಾನುಗಳ ರಾಶಿಯಡಿ ಸಿಕ್ಕಿತು. ಬೆಲೆ 400 ರೂಪಾಯಿ. ಅಳತೆ ಸರಿಯಾಗಿತ್ತು, ಕೊಳವೆಗಳು ಊದಿದರೆ ಉಸಿರು ಹಾಯುವಷ್ಟು ಸ್ವಚ್ಛವಾಗಿದ್ದವು. ಬುರುಡೆ ಮಾತ್ರ ಇರಲಿಲ್ಲ. ಅದಕ್ಕಾಗಿ ಮೂರು ತಿಂಗಳು ಅಲೆದು, ಕೊನೆಗೆ ತುಸು ದಪ್ಪ ಗಾಜಿನದೊಂದನ್ನು ಹೊಂದಿಸಿದೆ. ಎಣ್ಣೆಯ ಬುಡ್ಡಿಯಲ್ಲಿ ಸಾಸಿವೆಯಷ್ಟು ತೂತಿತ್ತು, ಅದನ್ನು ಬೆಸುಗೆ ಹಾಕಿಸಬೇಕಾಯಿತು. ಈಗ ಹೊಗೆಯಿಲ್ಲದೆ ಉರಿಯುತ್ತದೆ.

ಮೂರನೆಯದು ತೀರ್ಥಹಳ್ಳಿ ಕಡೆಯ ನನ್ನ ಸೋದರತ್ತೆಯ ಮನೆಯ ಅಟ್ಟದಲ್ಲಿತ್ತು. ಮಲೆನಾಡಿನ ಮಳೆಗಾಲದಲ್ಲಿ ತಗಡಿನ ಸಾಮಾನು ತುಕ್ಕು ಹಿಡಿಯದೆ ಉಳಿಯುವುದೇ ಕಷ್ಟ. ಆದರೆ ಆ ಅಟ್ಟಕ್ಕೆ ಕೆಳಗಿನ ಒಲೆಯ ಬಿಸಿಯೂ ಹೊಗೆಯೂ ಸದಾ ತಾಗುತ್ತಿದ್ದುದರಿಂದ ಲಾಟೀನಿನ ಮೇಲೆ ಜಿಡ್ಡುಮಸಿ ಕಟ್ಟಿತ್ತೇ ಹೊರತು, ಒರೆಸಿದಾಗ ಒಳಗಿನ ತಗಡು ಗಟ್ಟಿಯಾಗಿತ್ತು. ಹಿಡಿಕೆಯ ತಂತಿಗೆ ಯಾರೋ ಹಳೆಯ ಪಂಚೆಯ ಅಂಚನ್ನು ಸುತ್ತಿದ್ದರು. ಹಿಡಿದು ಹಿಡಿದು ಆ ಬಟ್ಟೆ ಚರ್ಮದಂತೆ ನುಣುಪಾಗಿತ್ತು. ಧಾರಾವಾಹಿಯಲ್ಲಿ ನನ್ನನ್ನು ಸೆಳೆದ ಆ ಬಳಕೆಯ ಗುರುತು ಇದರಲ್ಲಿದ್ದಷ್ಟು ಬೇರೆ ಯಾವುದರಲ್ಲೂ ಇರಲಿಲ್ಲ. ಬೆಲೆ ಕೇಳಿದಾಗ ಅತ್ತೆ, “ದುಡ್ಡಿಗೆ ಕೊಡುವಂಥದ್ದಲ್ಲ ಮಾರಾಯ, ಬೇಕಾದರೆ ತಗೊಂಡು ಹೋಗಿ ದೀಪಾವಳಿಗೆ ವಾಪಸ್ ತಂದಿಡು” ಎಂದರು.

ಹೋಲಿಕೆಯಲ್ಲಿ ಅಟ್ಟದ್ದೇ ಮೇಲು. ಆದರೆ ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವಿದೆ, ಒಂದು ಮನೆಯ ನೆನಪನ್ನು ಎತ್ತಿಕೊಂಡು ಹೋಗುವ ಹಕ್ಕು ಸಂಗ್ರಹಕಾರನಿಗೆ ಇಲ್ಲವೆಂದೇ ನಾನು ನಂಬಿದ್ದೇನೆ. ಸ್ವಂತಕ್ಕೆ ಇಟ್ಟುಕೊಳ್ಳುವುದಾದರೆ ಗುಜರಿಯ ಲಾಟೀನನ್ನೇ ಆರಿಸುತ್ತೇನೆ. ಸ್ಲೇಟಿನ ವಿಷಯದಲ್ಲಿ ಮಾತ್ರ ಗುಜರಿ ಕೈಕೊಡುತ್ತದೆ: ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಅಲ್ಲಿಗೆ ಬರುವ ಮೊದಲೇ ಒಡೆದಿರುತ್ತದೆ, ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಬಳಪ ಆ ಕಿರುಗುಟ್ಟುವ ಸದ್ದನ್ನೇ ಮಾಡುವುದಿಲ್ಲ.

ಅತ್ತೆಯ ಲಾಟೀನನ್ನು ದೀಪಾವಳಿಯ ಹಿಂದಿನ ದಿನ ಹಿಂತಿರುಗಿಸಿದೆ. ಕೊಡುವ ಮೊದಲು ಅದರ ಬುರುಡೆಯ ಸುತ್ತಳತೆಯನ್ನು ದಾರದಿಂದ ಅಳೆದಿಟ್ಟುಕೊಂಡಿದ್ದೇನೆ. ಗುಜರಿಯದಕ್ಕೆ ಅದೇ ಅಳತೆಯ ತೆಳುಗಾಜಿನ ಬುರುಡೆಯನ್ನು ಸಾಗರದ ಸಂತೆಯಲ್ಲಿ ಹುಡುಕಬೇಕಾಗಿದೆ.